ಸಿವು: ಘಾನಾದ ಬೆಟ್ಟದೂರುಗಳ ಒಂದು ಸಣ್ಣ ಭಾಷೆ, ಅದನ್ನಾಡುವ ಜನ

2015ರ ಇಗ್ ನೊಬೆಲ್ ಸಾಹಿತ್ಯ ಬಹುಮಾನ ಒಂದು ಉದ್ಗಾರಕ್ಕೆ ಸಿಕ್ಕಿತು. ಮೊದಲು ನಗಿಸಿ, ಆಮೇಲೆ ತಲೆ ಕೆರೆದುಕೊಳ್ಳುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ಎದುರಿನವರು ಹೇಳಿದ್ದು ಸರಿಯಾಗಿ ಕೇಳಿಸದಿದ್ದಾಗ ನಾವು 'ಆಂ?' ಎನ್ನುತ್ತೇವಲ್ಲ, ಆ ಸದ್ದು ಬೇರೆ ಬೇರೆ ಭಾಷೆಗಳಲ್ಲಿ ಹೇಗಿರುತ್ತದೆ ಅಂತ ಮೂವರು ಸಂಶೋಧಕರು ಹುಡುಕಿದ್ದರು. ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆಗಳಲ್ಲೂ ಅದು ಹೆಚ್ಚುಕಡಿಮೆ ಒಂದೇ ಥರ ಇತ್ತು. ಚಿಕ್ಕ ಉಸಿರು, ಬಾಯಿ ಸಲೀಸಾಗಿ ಹೊರಡಿಸುವ ಒಂದು ಸ್ವರ, ಪ್ರಶ್ನೆಯ ರಾಗ. ಅಷ್ಟೇ.

ಆ ಅಧ್ಯಯನದಲ್ಲಿ ಹತ್ತು ಭಾಷೆಗಳಿದ್ದವು. ಚೀನಾದ ಮ್ಯಾಂಡರಿನ್, ಸ್ಪ್ಯಾನಿಷ್, ರಷ್ಯನ್, ಇಟಾಲಿಯನ್ ಇವೆಲ್ಲ ನಾವು ಕೇಳಿರುವ ಹೆಸರುಗಳೇ. ಅವುಗಳ ನಡುವೆ ಸಿವು ಅಂತ ಒಂದು ಹೆಸರಿತ್ತು. ಪೂರ್ವ ಘಾನಾದ ಬೆಟ್ಟಗಳಲ್ಲಿ ಬೆರಳೆಣಿಕೆಯ ಊರುಗಳಲ್ಲಿ ಆಡುವ ಭಾಷೆ ಅದು. ಈ ಶತಮಾನದ ಆರಂಭದ ಒಂದು ಅಂದಾಜಿನ ಪ್ರಕಾರ ಅದನ್ನಾಡುವವರು ಸುಮಾರು 27,000 ಜನ. ನಮ್ಮ ಒಂದು ಸಣ್ಣ ತಾಲ್ಲೂಕು ಕೇಂದ್ರದಲ್ಲೇ ಅಷ್ಟು ಜನ ಇರುತ್ತಾರೆ.

ಸಣ್ಣ ಭಾಷೆ ಅಂದ ತಕ್ಷಣ 'ಪಾಪ, ಸಾಯುತ್ತಿರಬೇಕು' ಅನ್ನುವ ಕನಿಕರ ಬರುತ್ತದೆ. ಆ ಕನಿಕರ ಸಿವುವಿಗೆ ಬೇಕಾಗಿಲ್ಲ. ಮನೆಯಲ್ಲಿ, ಹೊಲದಲ್ಲಿ, ಹರಟೆಯಲ್ಲಿ ಅದು ಗಟ್ಟಿಯಾಗಿಯೇ ಇದೆ. ಇಕ್ಕಟ್ಟು ಶುರುವಾಗುವುದು ಮನೆಯಿಂದಾಚೆ: ಚರ್ಚಿನಲ್ಲಿ, ಶಾಲೆಯಲ್ಲಿ, ಸರ್ಕಾರದ ಕಾಗದಪತ್ರದಲ್ಲಿ.

ಮೊದಲು ಜಾಗ ನೋಡೋಣ. ಘಾನಾ ಮತ್ತು ಟೋಗೊ ದೇಶಗಳ ಗಡಿಯುದ್ದಕ್ಕೂ ಬೆಟ್ಟಸಾಲು ಹಬ್ಬಿದೆ. ತೀರಾ ಎತ್ತರದ ಬೆಟ್ಟಗಳೇನಲ್ಲ. ಘಾನಾದ ಅತಿ ಎತ್ತರದ ಬೆಟ್ಟ ಅಫಾಜಾಟೊ ಇರುವುದು ಇಲ್ಲೇ, ಅದೂ ಸಾವಿರ ಮೀಟರ್ ಮುಟ್ಟುವುದಿಲ್ಲ. ರಾಜಧಾನಿ ಅಕ್ರಾದಿಂದ ಇನ್ನೂರು ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿ ಹೊಹೊಯೆ ಅನ್ನುವ ಪಟ್ಟಣವಿದೆ. ಅದರ ಉತ್ತರಕ್ಕೆ ಅಕ್ಪಾಫು ಮತ್ತು ಲೊಲೊಬಿ ಎಂಬ ಹೆಸರಿನ ಊರುಗಳ ಗುಂಪು ಸಿಗುತ್ತದೆ. ಸಿವು ಆಡುವುದು ಇಲ್ಲಿ. ಅಕ್ಪಾಫು ಟೋಜಿ ಹಳೆಯ ಊರು, ಬೆಟ್ಟದ ಮೇಲಿದೆ. ಅಕ್ಪಾಫು ಮೆಂಪೆಯಾಸೆಮ್, ಅಕ್ಪಾಫು ಒಡೊಮಿ, ಲೊಲೊಬಿ ಕುಮಾಸಿ ಇತ್ಯಾದಿ ಬೇರೆ ಊರುಗಳು. ಹೆಸರುಗಳನ್ನು ಸ್ವಲ್ಪ ಕೆದಕಿದರೆ ಸುತ್ತಲಿನ ಭಾಷೆಗಳೆಲ್ಲ ಎದ್ದು ಬರುತ್ತವೆ. ಟೋಜಿ ಎನ್ನುವುದು ಎವೆ ಭಾಷೆಯದು, ಮೆಂಪೆಯಾಸೆಮ್ ಅಕಾನ್ ಭಾಷೆಯದು.

ಅಕ್ಪಾಫು, ಲೊಲೊಬಿ ಅನ್ನುವುದು ನಕ್ಷೆಯಲ್ಲಿ ಮತ್ತು ಕಾಗದಪತ್ರದಲ್ಲಿ ನಡೆಯುವ ಹೆಸರು. ಅವರ ಭಾಷೆಯಲ್ಲಿ ನಾಡು ಕಾವು, ಜನ ಮಾವು, ಭಾಷೆ ಸಿವು. (ನಮ್ಮ ಮಾವಿನಕಾಯಿಗೂ ಇದಕ್ಕೂ ಏನೂ ಸಂಬಂಧವಿಲ್ಲ, ಬಿಡಿ.) ಮೂರರಲ್ಲೂ 'ವು' ಹಾಗೇ ಇದೆ, ಮುಂದಿನ ಅಕ್ಷರ ಮಾತ್ರ ಬದಲಾಗುತ್ತದೆ. ಈ ಭಾಷೆಯ ವ್ಯಾಕರಣದ ಬೆನ್ನೆಲುಬೇ ಅದು. ಸಿವುವಿನಲ್ಲಿ ನಾಮಪದಗಳು ಬೇರೆ ಬೇರೆ ವರ್ಗಗಳಿಗೆ ಸೇರುತ್ತವೆ. ಯಾವ ವರ್ಗ ಅನ್ನುವುದನ್ನು ಪದದ ಮುಂದೆ ಅಂಟಿಕೊಳ್ಳುವ ಚೂರು ಹೇಳುತ್ತದೆ. ಕನ್ನಡದಲ್ಲಿ ಬಂದನು, ಬಂದಳು, ಬಂದಿತು ಅಂತ ಪದದ ಕೊನೆಯಲ್ಲಿ ಗುರುತು ಹಾಕುತ್ತೇವೆ, ಗಂಡು, ಹೆಣ್ಣು, ಉಳಿದದ್ದು ಅಂತ ವಿಂಗಡಿಸುತ್ತೇವೆ. ಅಲ್ಲಿ ಗುರುತು ಮುಂದೆ ಬರುತ್ತದೆ. ವರ್ಗಗಳೂ ಜಾಸ್ತಿ, ಗಂಡು ಹೆಣ್ಣಿನ ಲೆಕ್ಕವಂತೂ ಇಲ್ಲವೇ ಇಲ್ಲ. ಪೂರ್ವ ಆಫ್ರಿಕಾದವರು ತಮ್ಮ ಭಾಷೆಗೆ ಕಿಸ್ವಾಹಿಲಿ ಎನ್ನುತ್ತಾರಲ್ಲ, ಆ 'ಕಿ' ಕೂಡ ಇದೇ ಬಗೆಯದು.

ಇದರಲ್ಲಿ ಭಾಷಾಶಾಸ್ತ್ರಜ್ಞರ ಕಣ್ಣಿಗೆ ಬಿದ್ದ ಒಂದು ಸಂಗತಿ ಇದೆ. ಸಿವುವಿನ ಒಂದು ಕಡೆ ಎವೆ, ಇನ್ನೊಂದು ಕಡೆ ಅಕಾನ್. ಎರಡೂ ಲಕ್ಷಾಂತರ, ಕೋಟಿ ಲೆಕ್ಕದಲ್ಲಿ ಜನ ಆಡುವ ಭಾಷೆಗಳು. ಎವೆಯಲ್ಲಿ ಈ ವರ್ಗಗಳ ಏರ್ಪಾಟು ಉಳಿದಿಲ್ಲ. ಅಕಾನ್‌ನಲ್ಲಿ ಅಲ್ಲಲ್ಲಿ ಕುರುಹು ಕಾಣುತ್ತದೆ, ಅಷ್ಟೇ. ಬೆಟ್ಟದ ಸಣ್ಣ ಭಾಷೆಗಳಲ್ಲಿ ಹೆಚ್ಚಿನವು ಮಾತ್ರ ಅದನ್ನು ಇಡಿಯಾಗಿ ಇಟ್ಟುಕೊಂಡಿವೆ. ಇಂಥ ಸುಮಾರು ಹದಿನಾಲ್ಕು ಭಾಷೆಗಳು ಈ ಬೆಟ್ಟಸಾಲಿನಲ್ಲಿವೆ. ಅವಾಟಿಮೆ, ಲೊಗ್ಬಾ, ಲಿಕ್ಪೆಯವರ ಸೆಕ್ಪೆಲೆ, ಸಾಂಟ್ರೊಕೊಫಿಯವರ ಸೆಲೆ, ಬುಯೆಂ ಕಡೆಯ ಲೆಲೆಮಿ ಹೀಗೆ. ಪಕ್ಕದ ಬೆಟ್ಟಕ್ಕೆ ಹೋದರೆ ಬೇರೆ ಭಾಷೆ.

ಈ ಗುಂಪಿಗೆ ಜರ್ಮನ್ ವಿದ್ವಾಂಸರು ಕೊಟ್ಟ ಹೆಸರು ಕೇಳಿದರೆ ಸಿಟ್ಟು ಬರಬೇಕು. ಆಗ ಈ ಪ್ರದೇಶ ಜರ್ಮನ್ ವಸಾಹತು ಟೋಗೊದ ಭಾಗ. 1910ರ ದಶಕದಲ್ಲಿ ಅವರು ಇವನ್ನು 'ಟೋಗೊದ ಅಳಿದುಳಿದ ಭಾಷೆಗಳು' ಅಂತ ಕರೆದರು. ದೊಡ್ಡ ಭಾಷೆಗಳ ಲೆಕ್ಕ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಚೂರುಗಳು ಅನ್ನುವ ಹಾಗೆ. ಆ ಹೆಸರು ದಶಕಗಟ್ಟಲೆ ನಡೆಯಿತು. 1968ರಲ್ಲಿ ಬೆರ್ಂಡ್ ಹೈನೆ ಈ ಭಾಷೆಗಳನ್ನು ಎರಡು ಗುಂಪಾಗಿ ವಿಂಗಡಿಸಿ ಬರೆದ ಮುಖ್ಯ ಪುಸ್ತಕದಲ್ಲೂ ಅದೇ ಹೆಸರಿತ್ತು. 1990ರ ದಶಕದಿಂದ ಈಚೆಗೆ 'ಘಾನಾ-ಟೋಗೊ ಬೆಟ್ಟದ ಭಾಷೆಗಳು' ಅನ್ನುವ ಮರ್ಯಾದಸ್ಥ ಹೆಸರು ಬಳಕೆಗೆ ಬಂತು.

ಅಳಿದುಳಿದವರು ಅಂದರೆ ಎಲ್ಲಿಂದಲೋ ಓಡಿಬಂದು ಬೆಟ್ಟದಲ್ಲಿ ಅವಿತುಕೊಂಡವರು ಅನ್ನುವ ಚಿತ್ರ ಕಣ್ಣಿಗೆ ಬರುತ್ತದೆ ಅಲ್ವಾ? ಅಕ್ಪಾಫುವಿನ ಮಟ್ಟಿಗೆ ಆ ಚಿತ್ರ ತಪ್ಪು. ಸುತ್ತಮುತ್ತಲಿನವರಿಗೆ ಅಕ್ಪಾಫು ಗೊತ್ತಿದ್ದದ್ದು ಕಬ್ಬಿಣದಿಂದ. ಬೆಟ್ಟದೊಳಗೆ ಸುರಂಗ ಕೊರೆದು ಅದಿರು ತೆಗೆಯುತ್ತಿದ್ದರು. ಮಣ್ಣಿನ ಕುಲುಮೆಯಲ್ಲಿ ಇದ್ದಿಲು ಹಾಕಿ ಕರಗಿಸಿ, ಬಡಿದು ಗುದ್ದಲಿ, ಕತ್ತಿ ಮಾಡುತ್ತಿದ್ದರು. ಗುದ್ದಲಿ ಇಲ್ಲದೆ ಬೇಸಾಯವಿಲ್ಲ. ಹಾಗಾಗಿ ಎವೆಯವರಿಗೂ ಇತರರಿಗೂ ಈ ಬೆಟ್ಟದ ಕಮ್ಮಾರರ ಸರಕು ಬೇಕಿತ್ತು.

ಆಮೇಲೆ ಯುರೋಪಿನಿಂದ ಅಗ್ಗದ ಕಬ್ಬಿಣ ಕರಾವಳಿಗೆ ಬಂತು. ಅದಿರು ಅಗೆದು, ಮರ ಸುಟ್ಟು, ದಿನಗಟ್ಟಲೆ ಕುಲುಮೆ ಕಾಯುವುದಕ್ಕಿಂತ ತಯಾರಾದ ಕಬ್ಬಿಣ ಕೊಳ್ಳುವುದು ಸಲೀಸು. 20ನೇ ಶತಮಾನದ ಆರಂಭದಲ್ಲಿ ಕುಲುಮೆಗಳು ಆರಿದವು. 1916ರಲ್ಲಿ ಬ್ರಿಟಿಷ್ ಅಧಿಕಾರಿ ಆರ್. ಎಸ್. ರ‍್ಯಾಟ್ರೇ ಅಕ್ಪಾಫುವಿನ ಕಬ್ಬಿಣದವರ ಬಗ್ಗೆ ಲೇಖನ ಬರೆದರು. ಆ ಹೊತ್ತಿಗೆ ಅದು ಹೆಚ್ಚುಕಡಿಮೆ ಹಳೆಯ ಕಥೆ. ಮುಂದೆ ಘಾನಾದ ಅಶಾಂತಿ (ಅಸಾಂಟೆ) ಎಂಬ ಜನರ ಬಗ್ಗೆ ಬರೆದು ಹೆಸರು ಮಾಡಿದವರು ಇದೇ ರ‍್ಯಾಟ್ರೇ.

ಕಬ್ಬಿಣ ಹೋಯಿತು, ಅಕ್ಕಿ ಉಳಿಯಿತು. ಅಕ್ಪಾಫುವಿನವರು ಇವತ್ತಿಗೂ ಅಕ್ಕಿಯವರು ಅಂತಲೇ ಪ್ರಸಿದ್ಧರು, ಅಕ್ಕಿಯ ಹಬ್ಬವನ್ನೂ ಮಾಡುತ್ತಾರೆ. ನಾವು ಉಣ್ಣುವ ಏಷ್ಯಾದ ಭತ್ತಕ್ಕಿಂತ ಬೇರೆಯೇ ಆದ ಒಂದು ಭತ್ತದ ಜಾತಿ ಆಫ್ರಿಕಾದಲ್ಲಿದೆ. ಅದನ್ನು ಪಶ್ಚಿಮ ಆಫ್ರಿಕಾದ ಜನರೇ ಕಾಡಿನಿಂದ ಗದ್ದೆಗೆ ತಂದರು. ಆ ಭತ್ತವನ್ನು ಇಂದಿಗೂ ಬೆಳೆಯುವ ಕಡೆಗಳಲ್ಲಿ ಈ ಬೆಟ್ಟಸಾಲೂ ಒಂದು.

ಈಗ ಭಾಷೆಗೆ ವಾಪಸ್ ಬರೋಣ. ಸಿವು ಪ್ರಪಂಚದ ಭಾಷಾಶಾಸ್ತ್ರದಲ್ಲಿ ಹೆಸರಾದದ್ದು ಮುಖ್ಯವಾಗಿ ಒಂದು ಬಗೆಯ ಪದಗಳಿಂದ. ಈ ಪದಗಳನ್ನು ಇಂಗ್ಲಿಷಿನವರಿಗೆ ವಿವರಿಸುವುದು ಕಷ್ಟ. ಕನ್ನಡದವರಿಗೆ ಒಂದೇ ಸಾಲು ಸಾಕು: ಥಳಥಳ, ಗಿರಗಿರ, ಚುರುಚುರು, ಜುಳುಜುಳು ಅಂತೀವಲ್ಲ, ಅಂಥವು. ಶಾಲೆಯ ವ್ಯಾಕರಣದಲ್ಲಿ ಇವಕ್ಕೆ ಅನುಕರಣಾವ್ಯಯ ಅಂತ ಹೆಸರು ಕೊಟ್ಟು ಒಂದು ಪುಟದಲ್ಲಿ ಮುಗಿಸಿಬಿಡುತ್ತಾರೆ. ಸಿವುವಿನಲ್ಲಿ ಇಂಥ ಪದಗಳು ನೂರಾರು. ಗೆಲೆಗೆಲೆ ಅಂದರೆ ಥಳಥಳ. ಪೊಲೊಪೊಲೊ ಅಂದರೆ ನುಣ್ಣಗೆ. ವೊಸೊರೋ ಅಂದರೆ ಒರಟಾಗಿ. ಫುತುತು ಅಂದರೆ ಬೆಳ್ಳಗೆ, ಕ್ಪಿನಾಕ್ಪಿನಾ ಅಂದರೆ ಕರ್ರಗೆ. ಯುವಾಯುವಾ ಅಂದರೆ ಚುರುಚುರು ಉರಿಯುವುದು. ಸಾsss ಅಂದರೆ ತಣ್ಣಗೆ ಹಾಯೆನಿಸುವುದು. ಹಲ್ಲು ಜುಮ್ಮೆನ್ನುವಷ್ಟು ಸಿಹಿ ಇದ್ದರೆ ಅದಕ್ಕೂ ಒಂದು ಬೇರೆಯೇ ಪದ, ಮೂಗಿನಲ್ಲಿ ನುಡಿಯುವಂಥದ್ದು.

ನೋಡಿ, ಇವುಗಳಲ್ಲಿ ಸದ್ದಿನ ಅನುಕರಣೆ ಕಮ್ಮಿ. ಬಿಳುಪಿಗೆ ಸದ್ದೆಲ್ಲಿದೆ? ನುಣುಪಿಗೆ ಎಲ್ಲಿದೆ? ಕಣ್ಣಿಗೆ ಕಂಡದ್ದು, ಕೈಗೆ ಹತ್ತಿದ್ದು, ನಾಲಗೆಗೆ ತಾಗಿದ್ದು, ನಡಿಗೆಯ ಗತ್ತು, ಎಲ್ಲವನ್ನೂ ದನಿಯಲ್ಲಿ ಚಿತ್ರಿಸಿ ತೋರಿಸುವ ಪದಗಳು ಇವು. ಹೇಳುವಾಗ ದನಿ ಎಳೆಯಬಹುದು, ಎರಡು ಸಲ, ಮೂರು ಸಲ ಮಡಿಸಬಹುದು, ಕೈಯನ್ನೂ ಆಡಿಸಬಹುದು. ಎಷ್ಟು ಎಳೆದರೆ ಅಷ್ಟು ಜಾಸ್ತಿ.

ಡಚ್ ಭಾಷಾಶಾಸ್ತ್ರಜ್ಞ ಮಾರ್ಕ್ ಡಿಂಗೆಮಾನ್ಸೆ 2007ರಿಂದ ಅಕ್ಪಾಫು ಮೆಂಪೆಯಾಸೆಮ್‌ಗೆ ಹೋಗಿ ಬಂದು ಕೆಲಸ ಮಾಡಿದರು. 2011ರಲ್ಲಿ ಸಿವುವಿನ ಈ ಪದಗಳ ಅರ್ಥ ಮತ್ತು ಬಳಕೆಯ ಮೇಲೆಯೇ ಪಿಎಚ್‌ಡಿ ಪಡೆದರು. ಅದುವರೆಗೆ ಇಂಥ ಪದಗಳ ಬಗ್ಗೆ ಒಂದು ಅಸಡ್ಡೆ ಇತ್ತು. ಕಥೆ ಹೇಳುವಾಗ, ಹಾಡುವಾಗ, ಸುಮ್ನೆ ಮಾತಿಗೆ ಬಣ್ಣ ಬಳಿಯಲು ಬಳಸುವ ಅಲಂಕಾರ ಅಂತ ಅನೇಕರು ಬರೆದಿದ್ದರು. ಡಿಂಗೆಮಾನ್ಸೆ ಪದಪಟ್ಟಿ ಮಾಡಿ ಸುಮ್ಮನಾಗಲಿಲ್ಲ. ಜನ ಕೆಲಸ ಮಾಡುತ್ತಾ ಮಾತಾಡುವುದನ್ನು ವಿಡಿಯೊದಲ್ಲಿ ಹಿಡಿದರು.

ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಮದ್ದಿನ ಪ್ರಸಂಗ. ಕೋವಿ ಮದ್ದು! ಸಾವಿನ ವಿಧಿಗಳಲ್ಲಿ ಕೋವಿ ಹಾರಿಸುವ ಪದ್ಧತಿ ಅಲ್ಲಿದೆ. ಅದಕ್ಕೆ ಬೇಕಾದ ಮದ್ದನ್ನು ಊರವರೇ ಒಟ್ಟಿಗೆ ಕೂತು ತಯಾರಿಸುತ್ತಾರೆ. ಇದ್ದಿಲು ಸೇರಿದ ಮಿಶ್ರಣ ಕುಟ್ಟಬೇಕು, ಹದ ನೋಡಬೇಕು. ಹದ ತಪ್ಪಿದರೆ ಮದ್ದು ಉರಿಯುವುದೇ ಇಲ್ಲ, ಇಲ್ಲವೇ ಕೈ ಸುಡುತ್ತದೆ. ಹದವನ್ನು ಮಾತಿನಲ್ಲಿ ಹೇಳುವುದು ಹೇಗೆ? ಪುಡಿ ಇನ್ನೂ ತರಿತರಿಯಾಗಿದೆಯಾ, ನುಣ್ಣಗಾಯಿತಾ? ಬೆಂಕಿ ಮುಟ್ಟಿಸಿದರೆ ಭುಸ್ ಅಂತ ಒಮ್ಮೆಲೇ ಹತ್ತುತ್ತದಾ? ತರಿಗೆ ಸಫರಾ, ನುಣುಪಿಗೆ ಡೆಕ್ಪೆರೇ, ಭುಸ್ ಎನ್ನುವುದಕ್ಕೆ ಶೂ. ಒಬ್ಬರು ಪದ ಹೇಳುತ್ತಾರೆ, ಇನ್ನೊಬ್ಬರು ಅದನ್ನೇ ಎಳೆದು ಒಪ್ಪುತ್ತಾರೆ. ಹೀಗೆ ಕೆಲಸ ಬಲ್ಲವರ ತಿಳಿವಳಿಕೆ ಪಕ್ಕದವರಿಗೆ ದಾಟುತ್ತದೆ. ಅಲಂಕಾರ ಅಂದವರು ಈ ಮಾತುಕತೆ ಕೇಳಿರಲಿಲ್ಲ, ಅಷ್ಟೇ. ಮುದ್ದೆಯ ಹದವನ್ನೋ ಪಾಕದ ಎಳೆಯನ್ನೋ ಮಗಳಿಗೆ ಹೇಳಿಕೊಡುವಾಗ ನಮ್ಮ ಅಮ್ಮಂದಿರ ಬಾಯಲ್ಲಿ ಬರುವುದೂ ಇಂಥ ಪದಗಳೇ.

ಹಾಗಾದರೆ ಸಿವು ಬಾರದವರಿಗೂ ಈ ಪದಗಳು ಕಿವಿಯಿಂದಲೇ ಅರ್ಥವಾಗುತ್ತವಾ? ಅದನ್ನೂ ಪರೀಕ್ಷಿಸಿದ್ದಾರೆ. ಸಿವು, ಎವೆ, ಜಪಾನೀಸ್, ಕೊರಿಯನ್ ಮತ್ತು ಮಲೇಷ್ಯಾದ ಸೆಮಾಯ್, ಹೀಗೆ ಐದು ಭಾಷೆಗಳ ಇಂಥ ಪದಗಳನ್ನು ಡಚ್ ಕೇಳುಗರಿಗೆ ಕೇಳಿಸಿ, ಎರಡು ಅರ್ಥ ಕೊಟ್ಟು ಸರಿಯಾದದ್ದು ಆರಿಸಿ ಎಂದರು. ಸುಮ್ಮನೆ ನಾಣ್ಯ ಚಿಮ್ಮಿದರೂ ಅರ್ಧ ಸರಿ ಬರಬೇಕು. ಬಂದದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸದ್ದಿಗೆ ಸಂಬಂಧಿಸಿದ ಪದಗಳನ್ನು ಚೆನ್ನಾಗಿ ಊಹಿಸಿದರು, ಬಣ್ಣದ ವಿಷಯದಲ್ಲಿ ಎಡವಿದರು. ಅಂದರೆ ಈ ಪದಗಳಲ್ಲಿ ದನಿಗೂ ಅರ್ಥಕ್ಕೂ ನಂಟು ಇದೆ. ಹಾಗಂತ ಅವು ಮಂತ್ರವೂ ಅಲ್ಲ, ಭಾಷೆಯೊಳಗಿದ್ದೇ ಕಲಿಯಬೇಕು. ಇಂಥ ಸಪ್ಪೆ ಫಲಿತಾಂಶದ ಮೇಲೆ ನನಗೆ ನಂಬಿಕೆ ಜಾಸ್ತಿ.

'ಆಂ?' ಅಧ್ಯಯನದ ಹಿಂದೆಯೂ ಇದೇ ಬಗೆಯ ವಿಡಿಯೊಗಳಿದ್ದವು. ಅದರ ಮುಂದುವರಿಕೆಯಾಗಿ 2015ರಲ್ಲಿ ಹನ್ನೆರಡು ಭಾಷೆಗಳ ಹರಟೆಯನ್ನು ಅಳೆದು ನೋಡಿದರು. ಸರಾಸರಿ ಪ್ರತಿ 1.4 ನಿಮಿಷಕ್ಕೊಮ್ಮೆ ಯಾರಾದರೂ ಮಾತು ತಡೆದು 'ಏನಂದೆ?', 'ಯಾರು?' ಅಂತ ಕೇಳುತ್ತಾರೆ. ಅಷ್ಟು ಸಲ! ಇನ್ನೊಂದು ಅಧ್ಯಯನ 2018ರದ್ದು. ಸಿವು, ಇಂಗ್ಲಿಷ್, ಇಟಾಲಿಯನ್, ಲಾವೊ ಸೇರಿ ಎಂಟು ಭಾಷೆಗಳ ಜನ ಮನೆಯಲ್ಲಿ ಒಬ್ಬರಿಗೊಬ್ಬರು ಸಹಾಯ ಮಾಡಿದಾಗ ಥ್ಯಾಂಕ್ಸ್ ಹೇಳುತ್ತಾರಾ ಅಂತ ಎಣಿಸಿದರು. ಒಟ್ಟಾರೆ ಇಪ್ಪತ್ತು ಸಲಕ್ಕೆ ಸುಮಾರು ಒಂದು ಸಲ ಮಾತ್ರ. ಇಂಗ್ಲಿಷ್ ಮತ್ತು ಇಟಾಲಿಯನ್‌ನಲ್ಲಿ ತುಸು ಜಾಸ್ತಿ. ಉಳಿದವರು ಕೇಳಿದ್ದನ್ನು ಕೊಡುತ್ತಾರೆ, ತೆಗೆದುಕೊಳ್ಳುತ್ತಾರೆ, ಕೆಲಸ ಮುಂದುವರಿಸುತ್ತಾರೆ.

ಈ ಲೆಕ್ಕಗಳಲ್ಲಿ ಸಿವು ಇಲ್ಲದಿದ್ದರೆ ಏನಾಗುತ್ತಿತ್ತು? ಮನುಷ್ಯರೆಲ್ಲ ಹೀಗೆ ಅಂತ ಯುರೋಪಿನ ನಾಲ್ಕು ಭಾಷೆ ನೋಡಿ ಹೇಳಿದರೆ ಅದನ್ನು ನಂಬುವುದು ಕಷ್ಟ. ಎಲ್ಲೋ ದೂರದ ಬೇರೆ ಮನೆತನದ ಭಾಷೆಯಲ್ಲೂ ಅದೇ ಕಂಡರೆ ಮಾತಿಗೆ ತೂಕ ಬರುತ್ತದೆ. ಅಲ್ಲಿ ಆಡುವವರು ಇಪ್ಪತ್ತು ಸಾವಿರವೋ ಇಪ್ಪತ್ತು ಕೋಟಿಯೋ, ಸಾಕ್ಷಿಯ ತೂಕ ಒಂದೇ.

ಇನ್ನು ಮನೆಯ ಹೊಸ್ತಿಲು ದಾಟೋಣ. ಬ್ರೆಮೆನ್ ಮಿಷನ್‌ನ ಜರ್ಮನ್ ಪಾದ್ರಿಗಳು 1847ರಲ್ಲಿ ಎವೆ ನಾಡಿಗೆ ಬಂದರು. ಎವೆಗೆ ಲಿಪಿ ಮಾಡಿದರು, ಶಾಲೆ ತೆರೆದರು, ಬೈಬಲ್ ತಂದರು. ಬೆಟ್ಟದ ಒಂದೊಂದು ಭಾಷೆಗೂ ಅದನ್ನೇ ಮಾಡಲು ಅವರಿಗೆ ಮನಸ್ಸಾಗಲಿಲ್ಲ. ಎಲ್ಲ ಕಡೆಗೂ ಎವೆಯನ್ನೇ ಒಯ್ದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಹೋದರು, ಟೋಗೊ ಬ್ರಿಟಿಷರಿಗೂ ಫ್ರೆಂಚರಿಗೂ ಹಂಚಿಹೋಯಿತು. ಬ್ರಿಟಿಷ್ ಭಾಗ 1956ರ ಜನಮತಗಣನೆಯ ಮೂಲಕ ಪಕ್ಕದ ಗೋಲ್ಡ್ ಕೋಸ್ಟ್ ಸೇರಿ, 1957ರಲ್ಲಿ ಸ್ವತಂತ್ರ ಘಾನಾದ ಪಾಲಾಯಿತು. ಇಷ್ಟೆಲ್ಲ ಆದರೂ ಚರ್ಚಿನ ಎವೆ ಮಾತ್ರ ಹಾಗೇ ಉಳಿಯಿತು.

ಶಾಲೆಯದೂ ಅದೇ ಕಥೆ. ಘಾನಾದಲ್ಲಿ ಎಪ್ಪತ್ತು ಎಂಬತ್ತು ಭಾಷೆಗಳಿವೆ. ಸರ್ಕಾರ ಪಠ್ಯಪುಸ್ತಕಕ್ಕೆ, ಪಾಠಕ್ಕೆ ಮಾನ್ಯ ಮಾಡಿದ್ದು ಹನ್ನೊಂದನ್ನು ಮಾತ್ರ, ಅದರಲ್ಲೂ ಮೂರು ಅಕಾನ್‌ನದೇ ರೂಪಗಳು. ಎವೆ ಆ ಪಟ್ಟಿಯಲ್ಲಿದೆ. ಬೆಟ್ಟದ ಭಾಷೆಗಳಲ್ಲಿ ಒಂದೂ ಇಲ್ಲ. ಸಿವು ಆಡುವ ಮಗುವಿಗೆ 'ಮಾತೃಭಾಷೆ'ಯ ಪಾಠ ಅಂದರೆ ಎವೆ ಪಾಠ, ಆಮೇಲೆ ಇಂಗ್ಲಿಷ್. ಹಾಗಾಗಿ ಅಲ್ಲಿ ಎಲ್ಲರೂ ಬಹುಭಾಷಿಗಳೇ. ಮನೆಯಲ್ಲಿ ಸಿವು, ಚರ್ಚಿನಲ್ಲಿ ಎವೆ, ಸಂತೆಯಲ್ಲಿ ಎವೆ ಇಲ್ಲವೇ ಅಕಾನ್, ಕಚೇರಿಯಲ್ಲಿ ಇಂಗ್ಲಿಷ್. ನಾಲ್ಕು ಭಾಷೆ ಬಂದರೆ ನಷ್ಟವೇನು ಅನ್ನಬಹುದು. ನಷ್ಟವಿಲ್ಲ, ನಿಜ. ಆದರೆ ಎವೆಯವರಿಗೆ ಸಿವು ಕಲಿಯುವ ಅಗತ್ಯ ಬೀಳುವುದಿಲ್ಲ. ಕಲಿಯುವ ಭಾರವೆಲ್ಲ ಒಂದೇ ಕಡೆಯವರ ತಲೆಯ ಮೇಲೆ. ಘಾನಾದ ಭಾಷಾ ಸಂಸ್ಥೆ ಗಿಲ್‌ಬ್ಟ್ ಸಿವುವಿಗೆ ಬರಹದ ಕ್ರಮ ರೂಪಿಸಿ, ಬೈಬಲಿನ ಹೊಸ ಒಡಂಬಡಿಕೆಯನ್ನು ಸಿವುವಿಗೆ ತರಿಸಿದೆ. ಅದು ಮಿಷನ್ ಬಂದು ಎಷ್ಟೋ ತಲೆಮಾರು ಕಳೆದ ಮೇಲೆ.

ಈ ಏರ್ಪಾಟಿನಲ್ಲಿ ನಿಜಕ್ಕೂ ಪೆಟ್ಟು ತಿಂದದ್ದು ಸಾವಿನ ಹಾಡುಗಳು. ಹೆಣ ಕಾಯುವ ಹೊತ್ತಿನಲ್ಲಿ ಸಿವುವಿನಲ್ಲಿ ಹಾಡುವ ಶೋಕಗೀತೆಗಳ ದೊಡ್ಡ ಸಂಪ್ರದಾಯ ಅಕ್ಪಾಫುವಿನಲ್ಲಿತ್ತು. ಇವುಗಳ ಮೇಲೆ ಗಂಭೀರವಾಗಿ ಬರೆದವರು ಕೋಫಿ ಅಗಾವು. ಅವರು ಆ ಸೀಮೆಯವರೇ. 1956ರಲ್ಲಿ ಹೊಹೊಯೆಯಲ್ಲಿ ಹುಟ್ಟಿ, ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪ್ರೊಫೆಸರ್ ಆಗಿದ್ದ ಸಂಗೀತಶಾಸ್ತ್ರಜ್ಞ. ಮೊಜಾರ್ಟ್ ಕಾಲದ ಯುರೋಪಿಯನ್ ಸಂಗೀತದ ಬಗ್ಗೆ ಬರೆದು ಹೆಸರಾದವರು, 1988ರಲ್ಲಿ ತಮ್ಮವರ ಶೋಕಗೀತೆಗಳ ಬಗ್ಗೆಯೂ ಬರೆದರು. ಕ್ರೈಸ್ತರಾದ ಮೇಲೆ ಸಾವಿನ ಮನೆಗೆ ಎವೆಯ ಕೀರ್ತನೆಗಳು ಬಂದವು. ಹಳೆಯ ಹಾಡು ಬಲ್ಲವರು ಕಮ್ಮಿಯಾಗುತ್ತಾ ಹೋದರು. ಭಾಷೆ ಬದುಕಿರುವಾಗಲೇ ಅದರ ಒಂದು ಕೋಣೆಗೆ ಬೀಗ ಬೀಳುವುದು ಹೀಗೆ. ಮಾತಾಡುವವರ ತಲೆ ಎಣಿಸಿದರೆ ಇದು ಗೊತ್ತಾಗುವುದೇ ಇಲ್ಲ.

ಇದೇ ಬೆಟ್ಟಸಾಲಿನ ಅನಿಮೆರೆ ಭಾಷೆಯ ಸ್ಥಿತಿ ಬೇರೆ. ಅದನ್ನಾಡಲು ಕೆಲವೇ ಹಿರಿಯರು ಉಳಿದಿದ್ದಾರೆ, ಮಕ್ಕಳು ಪಕ್ಕದ ಭಾಷೆಗೆ ಹೋಗಿಯಾಗಿದೆ. ಸಿವುವನ್ನು ಮಕ್ಕಳು ಇಂದಿಗೂ ಮನೆಯಲ್ಲೇ ಕಲಿಯುತ್ತಾರೆ. ಎರಡನ್ನೂ ಒಂದೇ 'ಅಪಾಯದಲ್ಲಿರುವ ಭಾಷೆಗಳು' ಪಟ್ಟಿಗೆ ಹಾಕಿ ಮರುಗಿದರೆ ಎರಡೂ ಅರ್ಥವಾಗುವುದಿಲ್ಲ.

ಈಚಿನ ಪೆಟ್ಟು ಭಾಷೆಗೆ ಬಿದ್ದದ್ದಲ್ಲ, ಜನಕ್ಕೆ. 2018ರ ಡಿಸೆಂಬರ್ 27ರ ಜನಮತಗಣನೆಯ ನಂತರ ವೋಲ್ಟಾ ಪ್ರಾಂತವನ್ನು ಒಡೆದು ಓಟಿ ಎಂಬ ಹೊಸ ಪ್ರಾಂತ ಮಾಡಿದರು. ಸಾಂಟ್ರೊಕೊಫಿ, ಅಕ್ಪಾಫು, ಲಿಕ್ಪೆ, ಲೊಲೊಬಿ ಊರುಗಳು ಓಟಿಗೆ ಹೋದವು. ಆದರೆ ಅವರು ಮತ ಹಾಕುತ್ತಿದ್ದ ಹೊಹೊಯೆ ಕ್ಷೇತ್ರ ವೋಲ್ಟಾದಲ್ಲೇ ಉಳಿಯಿತು. ಹೊಸ ಕ್ಷೇತ್ರ ಹೊತ್ತಿಗೆ ಸರಿಯಾಗಿ ಆಗಲಿಲ್ಲ. 2020ರ ಡಿಸೆಂಬರ್ 7ರಂದು ಚುನಾವಣೆ. ಹಿಂದಿನ ದಿನ ಚುನಾವಣಾ ಆಯೋಗ ಹೇಳಿತು: ಈ ನಾಲ್ಕು ಕಡೆಯವರು ಅಧ್ಯಕ್ಷರಿಗೆ ಮತ ಹಾಕಬಹುದು, ಸಂಸದರಿಗೆ ಇಲ್ಲ. ಸುಮಾರು 17,000 ಮತದಾರರು. ಮುಂದಿನ ನಾಲ್ಕು ವರ್ಷ ಘಾನಾದ ಸಂಸತ್ತಿನಲ್ಲಿ ಇವರ ಪರವಾಗಿ ಒಬ್ಬರೂ ಇರಲಿಲ್ಲ. ನಾಲ್ಕೂ ಹೆಸರಿನ ಮೊದಲಕ್ಷರ ಸೇರಿಸಿದ 'ಸಾಲ್' ಅನ್ನುವುದು ಘಾನಾದ ಪತ್ರಿಕೆಗಳಲ್ಲಿ ಈ ಅನ್ಯಾಯದ ಹೆಸರೇ ಆಗಿಹೋಯಿತು. ಸಿವು, ಸೆಲೆ, ಸೆಕ್ಪೆಲೆ ಆಡುವವರ ಊರುಗಳೇ ಇವು. ಭಾಷೆಯ ಕಾರಣಕ್ಕೆ ಹೀಗೆ ಮಾಡಿದರು ಅನ್ನಲಾಗದು. ಆದರೆ ಲಕ್ಷಾಂತರ ಮಂದಿಯ ಭಾಷೆಯವರಾಗಿದ್ದರೆ ಚುನಾವಣೆಯ ಹಿಂದಿನ ದಿನ ಹೀಗೆ ಹೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ ಅಂತ ನನಗನಿಸುತ್ತದೆ.

ಕೊನೆಗೆ ಅವರಿಗೆ ತಮ್ಮದೇ ಜಿಲ್ಲೆ, ತಮ್ಮದೇ ಕ್ಷೇತ್ರ ಸಿಕ್ಕಿತು. 2024ರ ಡಿಸೆಂಬರಿನಲ್ಲಿ ಸಂಸದರನ್ನೂ ಆರಿಸಿದರು. ಕ್ಷೇತ್ರದ ಹೆಸರು ಗುವಾನ್. ಇದರಲ್ಲೊಂದು ತಮಾಷೆ ಇದೆ. ಭಾಷಾಶಾಸ್ತ್ರಜ್ಞರ ಲೆಕ್ಕದಲ್ಲಿ ಗುವಾನ್ ಅಥವಾ ಗುವಾಂಗ್ ಅನ್ನುವುದು ಬೇರೆಯೇ ಒಂದು ಭಾಷಾಗುಂಪು. ಉತ್ತರದ ಗೊಂಜಾ ಅದರಲ್ಲಿ ಬರುತ್ತದೆ, ಸಿವು ಬರುವುದಿಲ್ಲ. ಬೆಟ್ಟದ ಜನರಲ್ಲಿ ಅನೇಕರು ಮಾತ್ರ ತಾವು ಗುವಾನ್ ಎನ್ನುತ್ತಾರೆ. ಎವೆಯವರೂ ಅಲ್ಲದ, ಅಕಾನ್‌ನವರೂ ಅಲ್ಲದ ಇಷ್ಟೊಂದು ಸಣ್ಣ ಜನಗಳಿಗೆ ಒಟ್ಟಾಗಿ ನಿಲ್ಲಲು ಒಂದು ಹೆಸರು ಬೇಕಿತ್ತು. ವ್ಯಾಕರಣ ಒಪ್ಪದಿದ್ದರೂ ಮತದಾರರ ಪಟ್ಟಿಯ ಮೇಲೆ ಈಗ ಅದೇ ಹೆಸರಿದೆ.